ತರಬೇತಿ ಹಡಗಿನ ಕಥೆ: ಶಾಲೆ ದಡ ಸೇರಿತು, ಕೆಡೆಟ್‌ಗಳು ಹಡಗಿಗೆ ಕಾದರು

ಮರ್ಚೆಂಟ್ ನೇವಿ ಸೇರಲು ಹೊರಟ ಹುಡುಗ ಹುಡುಗಿಯರಿಗೆ ಓದಿಗಿಂತ ಜಾಸ್ತಿ ತಲೆಬಿಸಿ ಕೊಡುವುದು 'ಸೀ ಟೈಮ್'. ಅಂದರೆ ಸಮುದ್ರದಲ್ಲಿ ಕಳೆಯಲೇಬೇಕಾದ ಅವಧಿ. ನಮ್ಮಲ್ಲಿ ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್ ತೆಗೆದುಕೊಂಡವರು ಒಂದು ವರ್ಷ ಕಾಲೇಜಿನಲ್ಲಿ ಓದಿ, ಆಮೇಲೆ 18 ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ದುಡಿಯಬೇಕು. ಅದಾಗದೆ ಹಡಗಿನ ಅಧಿಕಾರಿಯಾಗಲು ಬರೆಯಬೇಕಾದ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರುವಂತಿಲ್ಲ. ಆ ಹಡಗು ಕಾಲೇಜಿನದ್ದಲ್ಲ, ಯಾವುದಾದರೂ ಶಿಪ್ಪಿಂಗ್ ಕಂಪನಿ ಜಾಗ ಕೊಡಬೇಕು. ಸಿಗದಿದ್ದರೆ ಸರ್ಟಿಫಿಕೇಟ್ ಹಿಡಿದುಕೊಂಡು ಕಾಯಬೇಕು. ಮುಂಬೈಯ ಏಜೆಂಟರ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುವವರಲ್ಲಿ ನಮ್ಮ ಕರಾವಳಿಯ ಮಕ್ಕಳೂ ಇದ್ದಾರೆ.

ಶಾಲೆಗೆ ಸ್ವಂತ ಹಡಗಿದ್ದಿದ್ದರೆ? ಇದು ಹೊಸ ಯೋಚನೆಯೇನಲ್ಲ. ನಮ್ಮ ಮೊದಲ ನಾವಿಕ ಶಾಲೆ ನಡೆದದ್ದೇ ಹಡಗಿನ ಮೇಲೆ.

1919ರ ಏಪ್ರಿಲ್ 5ರಂದು ಭಾರತೀಯರದೇ ಆದ ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ರಾಷ್ಟ್ರೀಯ ನೌಕಾಯಾನ ದಿನ ಎಂದು ಆಚರಿಸುತ್ತೇವೆ. ಭಾರತೀಯರು ಹಡಗು ಕಂಪನಿ ಕಟ್ಟಿದ್ದೇನೋ ಆಯಿತು, ಆದರೆ ಅಧಿಕಾರಿಗಳು ಎಲ್ಲಿಂದ ಬರಬೇಕು? ಬ್ರಿಟಿಷ್ ಹಡಗುಗಳಲ್ಲಿ ನಮ್ಮವರು ಸಾವಿರಾರು ಜನ ದುಡಿಯುತ್ತಿದ್ದರು. ಎಲ್ಲರೂ ಖಲಾಸಿಗಳು, ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವರು, ಅಡುಗೆಯವರು. ಬ್ರಿಡ್ಜ್, ಅಂದರೆ ಚುಕ್ಕಾಣಿ ಇರುವ ಮೇಲಿನ ಕೋಣೆಯಲ್ಲಿ ನಿಂತು ಹಡಗು ನಡೆಸುವ ಕೆಲಸಕ್ಕೆ ಅವರನ್ನು ತಯಾರು ಮಾಡುವ ಶಾಲೆಯೇ ದೇಶದಲ್ಲಿರಲಿಲ್ಲ. ಪಿ.ಎಸ್. ಶಿವಸ್ವಾಮಿ ಅಯ್ಯರ್ ಈ ಮಾತನ್ನು ಕೇಂದ್ರ ಶಾಸನಸಭೆಯಲ್ಲಿ ಎತ್ತಿದರು. 1923ರಲ್ಲಿ ಸಮಿತಿ ನೇಮಕವಾಯಿತು. ಅದರ ಶಿಫಾರಸಿನಿಂದ 1927ರಲ್ಲಿ, ಸೈನಿಕರನ್ನು ಸಾಗಿಸುತ್ತಿದ್ದ 'ಡಫರಿನ್' ಎಂಬ ಹಳೆಯ ಹಡಗು ಮುಂಬೈ ಬಂದರಿನಲ್ಲಿ ತರಬೇತಿ ಹಡಗಾಯಿತು. ಮೊದಲ ತಂಡದಲ್ಲಿ ಕಲಿತ ರಾಮ್ ದಾಸ್ ಕಟಾರಿ 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ನಿಮ್ಮಿಂದಾಗದು ಅನ್ನಿಸಿಕೊಂಡಿದ್ದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಆದರೆ ಡಫರಿನ್ ಪ್ರಯಾಣ ಮಾಡುವ ಹಡಗಲ್ಲ. ಲಂಗರು ಹಾಕಿ ನಿಂತಲ್ಲೇ ಶಾಲೆ, ಹಾಸ್ಟೆಲ್ ಎರಡೂ ಆಗಿತ್ತು. 1972ರಲ್ಲಿ ಅದರ ಜಾಗಕ್ಕೆ 'ರಾಜೇಂದ್ರ' ಬಂತು. 1993ರಲ್ಲಿ ಶಾಲೆ ನವಿ ಮುಂಬೈಯ ದಡ ಸೇರಿತು. ಅದೇ ಇವತ್ತಿನ ಟಿ.ಎಸ್. (ಟ್ರೈನಿಂಗ್ ಶಿಪ್) ಚಾಣಕ್ಯ, ಈಗ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಭಾಗ.

ಅಮೆರಿಕ ಬೇರೆ ದಾರಿ ಹಿಡಿಯಿತು. 1874ರ ಕಾನೂನಿನ ಪ್ರಕಾರ ಅಲ್ಲಿನ ನೌಕಾಪಡೆ ತನ್ನ ಹಡಗುಗಳನ್ನು ನಾವಿಕ ಶಾಲೆಗಳಿಗೆ ಎರವಲು ಕೊಡಬಹುದಿತ್ತು. ನ್ಯೂಯಾರ್ಕಿನ ಶಾಲೆ ಶುರುವಾದದ್ದು ಹಾಗೆ ಸಿಕ್ಕ 'ಸೇಂಟ್ ಮೇರೀಸ್' ಎಂಬ ಹಾಯಿಹಡಗಿನ ಮೇಲೆ. ಆಮೇಲೆ ಕ್ಯಾಂಪಸ್ ಬಂತು, ಆದರೆ ಹಡಗನ್ನು ಬಿಡಲಿಲ್ಲ. ಇವತ್ತಿಗೂ ಬೇಸಿಗೆ ಬಂತೆಂದರೆ ನೂರಾರು ಕೆಡೆಟ್‌ಗಳು ಶಾಲೆಯ ಹಡಗು ಹತ್ತಿ ಅಟ್ಲಾಂಟಿಕ್ ದಾಟುತ್ತಾರೆ.

ಆ ಪ್ರಯಾಣ ವಿಹಾರವಲ್ಲ. ಕೆಡೆಟ್‌ಗಳನ್ನು ಗುಂಪು ಮಾಡಿ ಸರದಿಯಲ್ಲಿ ಹಾಕುತ್ತಾರೆ. ಒಂದು ಗುಂಪಿಗೆ ವಾಚ್ (ಹಡಗು ನೋಡಿಕೊಳ್ಳುವ ಪಾಳಿ), ಇನ್ನೊಂದಕ್ಕೆ ಪಾಠ, ಮತ್ತೊಂದಕ್ಕೆ ಡೆಕ್ ಕೆಲಸ. ಹೊಸಬರ ಪಾಲಿಗೆ ತುಕ್ಕು ಕೆರೆಯುವುದು, ಪೇಂಟ್ ಬಳಿಯುವುದು, ಉಜ್ಜಿ ತೊಳೆಯುವುದು. ವಾಚ್ ಎಂದರೆ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಬಿಡುವು ಅಂತ ಹೆಸರಿಗಷ್ಟೇ, ನಿದ್ದೆ ಹತ್ತುವ ಹೊತ್ತಿಗೆ ಬೋಟ್ ಡ್ರಿಲ್‌ನ (ಅಪಾಯದಲ್ಲಿ ಲೈಫ್‌ಬೋಟ್ ಹತ್ತುವ ಅಭ್ಯಾಸ) ಗಂಟೆ ಬಡಿಯಬಹುದು.

ಬೆಳಗಿನ ಜಾವ ನಾಲ್ಕರಿಂದ ಎಂಟರ ವಾಚ್‌ನಲ್ಲಿ ಕೋನ ಅಳೆಯುವ ಸೆಕ್ಸ್‌ಟೆಂಟ್ ಎಂಬ ಉಪಕರಣ ಹಿಡಿದು, ಹಡಗು ಎಲ್ಲಿದೆ ಎಂದು ತಿಳಿಯಲು ನಕ್ಷತ್ರ ಅಳೆಯುವುದನ್ನು ಕಲಿಸುತ್ತಾರೆ. ನಕ್ಷತ್ರ ಕಾಣಬೇಕು, ಜೊತೆಗೆ ಕಡಲಂಚಿನ ಗೆರೆಯೂ ಕಾಣಬೇಕು. ಕತ್ತಲಿದ್ದರೆ ಗೆರೆ ಕಾಣದು, ಬೆಳಕು ಹರಿದರೆ ನಕ್ಷತ್ರ ಕಾಣದು. ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ತೂಗಾಡುವ ಡೆಕ್ ಮೇಲೆ ಕಾಲೂರಿ, ಕನ್ನಡಿ ಹೊಂದಿಸಿ ನಕ್ಷತ್ರವನ್ನು ಆ ಗೆರೆಗೆ ಇಳಿಸಿ, ಕೋನವನ್ನೂ ಸೆಕೆಂಡಿನವರೆಗೆ ಸಮಯವನ್ನೂ ಬರೆದುಕೊಳ್ಳಬೇಕು. ನಾಲ್ಕು ಸೆಕೆಂಡ್ ತಪ್ಪಿದರೆ, ಸಮಭಾಜಕದ ಹತ್ತಿರ, ನಕ್ಷೆಯ ಮೇಲೆ ಹಡಗು ಒಂದು ನಾಟಿಕಲ್ ಮೈಲಿಯಷ್ಟು ಆಚೀಚೆ ಆಗುತ್ತದೆ. ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಅನ್ನಬಹುದು. ಜಿಪಿಎಸ್ ಕೈಕೊಟ್ಟ ದಿನ ಬೇಕಾಗುವುದು ಇದೇ ಅಲ್ವಾ?

ಶಾಲೆಯ ಹಡಗಿಗೂ ಕೊರತೆ ಇದೆ. ಅಷ್ಟು ಜನರಲ್ಲಿ ಒಬ್ಬೊಬ್ಬರಿಗೆ ಚುಕ್ಕಾಣಿ ಸಿಗುವ ಹೊತ್ತು ಕಡಿಮೆ. ಸರಕು ತುಂಬುವ, ಇಳಿಸುವ ಅನುಭವ ಅಲ್ಲಿ ಅಷ್ಟಾಗಿ ಸಿಗದು. ಸರಕು ಹೊರುವ ಹಡಗನ್ನೇ ಶಾಲೆ ಮಾಡಿದ ಜರ್ಮನಿಗೆ ಭಾರಿ ಪೆಟ್ಟು ಬಿತ್ತು. 'ಪಾಮೀರ್' ಎಂಬ ಹಾಯಿಹಡಗು ಬಾರ್ಲಿ ಹೊತ್ತು ಬ್ಯೂನಸ್ ಐರಿಸ್‌ನಿಂದ ಬರುವಾಗ, 1957ರ ಸೆಪ್ಟೆಂಬರ್ 21ರಂದು, ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಸುರಿದು ತುಂಬಿದ್ದ ಧಾನ್ಯ ಒಂದು ಪಕ್ಕಕ್ಕೆ ಜಾರಿತ್ತು. ಹಡಗಿನಲ್ಲಿದ್ದ 86 ಮಂದಿಯಲ್ಲಿ ಉಳಿದವರು 6 ಜನ. ಸತ್ತವರಲ್ಲಿ ಹೆಚ್ಚಿನವರು ಕಲಿಯಲು ಬಂದ ಹುಡುಗರು.

ಇಷ್ಟಾದರೂ ಅಮೆರಿಕ ಮತ್ತೆ ಹಡಗಿಗೇ ಹಣ ಹಾಕಿತು. ನ್ಯೂಯಾರ್ಕ್ ಶಾಲೆಯ ಹಳೆಯ ಹಡಗು 'ಎಂಪೈರ್ ಸ್ಟೇಟ್' 1962ರಲ್ಲಿ ಕಟ್ಟಿದ ಸರಕು ಹಡಗು. ಅದರ ಬದಲಿಗೆ ತರಬೇತಿಗೆಂದೇ ಕಟ್ಟಿದ ಹೊಸ ಹಡಗು 2023ರಲ್ಲಿ ಬಂತು. ಇಂಥ ಐದು ಹಡಗುಗಳ ಯೋಜನೆಯಲ್ಲಿ ಅದು ಮೊದಲನೆಯದು. ಒಂದೊಂದರಲ್ಲಿ 600 ಕೆಡೆಟ್‌ಗಳಿಗೆ ಜಾಗ. ಕಲಿಯುವವರಿಗೆಂದೇ ಬೇರೆ ಬ್ರಿಡ್ಜ್ ಇದೆ. ಚಂಡಮಾರುತದಂಥ ವಿಪತ್ತು ಬಂದಾಗ ಪರಿಹಾರ ಕೆಲಸಕ್ಕೂ ಕಳಿಸಬಹುದು.

ನಮ್ಮ ಸರ್ಕಾರ ಹಿಡಿದ ದಾರಿ ಕಂಪನಿಗಳದ್ದು. 2004ರಲ್ಲಿ ಬಂದ ಟನೇಜ್ ತೆರಿಗೆಯ (ಲಾಭದ ಬದಲು ಹಡಗಿನ ಗಾತ್ರ ನೋಡಿ ಹಾಕುವ ತೆರಿಗೆ) ಅನುಕೂಲ ಪಡೆಯುವ ಕಂಪನಿ ತನ್ನ ಹಡಗುಗಳಲ್ಲಿ ಟ್ರೈನಿಗಳನ್ನು ಇಟ್ಟುಕೊಂಡು ಕಲಿಸಬೇಕು. ಯೋಚನೆ ಒಳ್ಳೆಯದೇ. ಸರಕು ಹಡಗಿನಲ್ಲಿ ಕೆಡೆಟ್‌ಗೆ ನಿಜವಾದ ಕೆಲಸ ಸಿಗುತ್ತದೆ. ಆದರೆ ಕಂಪನಿಯ ಭರವಸೆ ಇಲ್ಲದೆ ಓದಿದವರ ಗತಿಯೇನು? ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅಮ್ಮ ಮತ್ತೆ ಏಜೆಂಟರ ಕೈಗೆ ಹಣ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಐದು ಬೇಡ, ಸಮುದ್ರಕ್ಕೆ ಹೊರಡುವ ಒಂದೇ ಒಂದು ಹಡಗು ನಮ್ಮ ಯೂನಿವರ್ಸಿಟಿಗೆ ಸಿಕ್ಕರೂ ಈ ಕಾಯುವಿಕೆ ಸ್ವಲ್ಪವಾದರೂ ತಗ್ಗುತ್ತದೆ. ಅಲ್ಲಿಯವರೆಗೆ ಮಗನನ್ನೋ ಮಗಳನ್ನೋ ಸೇರಿಸುವ ಮೊದಲು ಕಾಲೇಜಿಗೆ ಒಂದು ಪ್ರಶ್ನೆ ಕೇಳಿ: ಓದು ಮುಗಿದ ಮೇಲೆ ಹಡಗು ಹತ್ತಿಸುವ ಕಂಪನಿ ಯಾವುದು? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡೇ ಫೀಸು ಕಟ್ಟಿ.