ಮೊದಲ ಮಾತ್ರೆಗೆ ಎಷ್ಟು ದೂರ? ಎಚ್‌ಐವಿ ತಡೆಯುವ ‘ಪೆಪ್’ ನಡೆದು ಬಂದ ದಾರಿ, ಕೊಡಗಿನ ಲೆಕ್ಕ

ಎಚ್‌ಐವಿ ಇರುವವರ ರಕ್ತ ಅಂಟಿದ ಸೂಜಿ ಚುಚ್ಚಿದರೆ, ಕಾಂಡೋಮ್ ಹರಿದರೆ, ಅತ್ಯಾಚಾರ ನಡೆದರೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ನುಂಗಬೇಕು. ಈ ಚಿಕಿತ್ಸೆಗೆ ಆಸ್ಪತ್ರೆಗಳಲ್ಲಿ ‘ಪೆಪ್’ ಎನ್ನುತ್ತಾರೆ. ಇದರ ಬಗ್ಗೆ ಕೇಳಿದವರೂ ಮೊದಲ ಸಂಖ್ಯೆಯನ್ನು ತಪ್ಪಾಗಿ ಹಿಡಿಯುವುದುಂಟು. ಶನಿವಾರ ರಾತ್ರಿ ಆದದ್ದಕ್ಕೆ ‘ಮೂರು ದಿನ ಟೈಮ್ ಇದೆಯಲ್ಲ, ಸೋಮವಾರ ಹೋದರಾಯಿತು’ ಎಂದುಕೊಳ್ಳುತ್ತಾರೆ. 72 ಗಂಟೆ ಎಂಬುದು ಬಾಗಿಲು ಮುಚ್ಚುವ ಹೊತ್ತು. ಮಾತ್ರೆ ನುಂಗಬೇಕಾದ ಹೊತ್ತು ಮೊದಲ ಎರಡು ಗಂಟೆ. ರೈಲೇ ಇಲ್ಲದ, ಕುಟ್ಟದಿಂದಲೋ ಕರಿಕೆಯಿಂದಲೋ ಮಡಿಕೇರಿಗೆ ಬರುವಷ್ಟರಲ್ಲಿ ಆ ಎರಡು ಗಂಟೆ ಬಸ್ಸಿನಲ್ಲೇ ಕಳೆದುಹೋಗುವ ಕೊಡಗು ಜಿಲ್ಲೆಯಲ್ಲಿ ಇದನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು.

ಈ ಚಿಕಿತ್ಸೆ ಹುಟ್ಟಿದ್ದು ಆಸ್ಪತ್ರೆ ಸಿಬ್ಬಂದಿಯ ಭಯದಿಂದ. 1984ರ ಕೊನೆಯಲ್ಲಿ ಇಂಗ್ಲೆಂಡಿನ ನರ್ಸ್ ಒಬ್ಬರಿಗೆ ಸೂಜಿ ಚುಚ್ಚಿ ಸೋಂಕು ತಗುಲಿದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಗ ಔಷಧಿಯೇ ಇರಲಿಲ್ಲ. 1987ರಲ್ಲಿ ಜಿಡೊವುಡಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಕೆಲವು ಆಸ್ಪತ್ರೆಗಳು ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಅದನ್ನೇ ಕೊಡತೊಡಗಿದವು. ನಾಲ್ಕು ಗಂಟೆಗೊಮ್ಮೆ ಮಾತ್ರೆ, ಕೆಲವು ಕಡೆ ನಾಲ್ಕು ವಾರ, ಕೆಲವು ಕಡೆ ಆರು ವಾರ. ವಾಕರಿಕೆ, ರಕ್ತಹೀನತೆ ತಡೆಯಲಾರದೆ ಅರ್ಧಕ್ಕೇ ಬಿಟ್ಟವರು ಅನೇಕರು. 1990ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಪದ್ಧತಿಯನ್ನು ವಿವರಿಸಿತಾದರೂ, ಇದರಿಂದ ಉಪಯೋಗವಿದೆ ಎನ್ನಲು ಪುರಾವೆ ಸಾಲದು ಎಂದೇ ಹೇಳಿತ್ತು.

ಪುರಾವೆ ಸಿಗುವುದೂ ಸುಲಭವಿರಲಿಲ್ಲ. ಸೋಂಕಿತ ಸೂಜಿ ಒಂದು ಸಾವಿರ ಸಲ ಚುಚ್ಚಿದರೆ ಸೋಂಕು ತಗಲುವುದು ಸುಮಾರು ಮೂರು ಸಲ. ಇಷ್ಟು ಕಡಿಮೆ ಅಪಾಯವನ್ನು ಅಳೆಯಲು ಸಾವಿರಾರು ಜನರ ಪ್ರಯೋಗ ಬೇಕು, ಅವರಲ್ಲಿ ಅರ್ಧ ಜನರಿಗೆ ಬೇಕೆಂದೇ ಔಷಧಿ ಇಲ್ಲದ ಮಾತ್ರೆ ಕೊಡಬೇಕು. ಯಾವ ವೈದ್ಯರ ಮನಸ್ಸು ಒಪ್ಪೀತು? ಹಾಗಾಗಿ ಸಂಶೋಧಕರು ಹಿಂದಿನ ದಾಖಲೆಗಳನ್ನು ಕೆದಕಿದರು. ಸೂಜಿಯಿಂದ ಸೋಂಕು ತಗುಲಿದ 33 ಸಿಬ್ಬಂದಿಯನ್ನು, ಚುಚ್ಚಿದರೂ ಸೋಂಕು ತಗುಲದ 665 ಸಿಬ್ಬಂದಿಯೊಂದಿಗೆ ಹೋಲಿಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಜಿಡೊವುಡಿನ್ ತೆಗೆದುಕೊಂಡವರಲ್ಲಿ ಸೋಂಕಿನ ಸಾಧ್ಯತೆ ಸುಮಾರು ಶೇ 81ರಷ್ಟು ಕಡಿಮೆಯಿತ್ತು. ಅಪಾಯ ಹೆಚ್ಚಿಸುವ ನಾಲ್ಕು ಅಂಶಗಳೂ ಅದರಲ್ಲೇ ಗೊತ್ತಾದವು: ಗಾಯ ಆಳವಾಗಿರುವುದು, ಸೂಜಿಯ ಮೇಲೆ ರಕ್ತ ಕಣ್ಣಿಗೆ ಕಾಣುವಂತಿರುವುದು, ಆ ಸೂಜಿ ರೋಗಿಯ ರಕ್ತನಾಳದೊಳಗೇ ಹೋಗಿ ಬಂದಿರುವುದು, ರೋಗಿ ಏಡ್ಸ್‌ನ ಕೊನೆಯ ಹಂತದಲ್ಲಿರುವುದು. ಇವತ್ತಿಗೂ ಡ್ಯೂಟಿ ಡಾಕ್ಟರ್ ಕೇಳುವ ಪ್ರಶ್ನೆಗಳಲ್ಲಿ ಇವು ಇದ್ದೇ ಇರುತ್ತವೆ. ಅದಕ್ಕೂ ಮೊದಲು, 1994ರಲ್ಲಿ, ಗರ್ಭಿಣಿಗೂ ಹುಟ್ಟಿದ ಮಗುವಿಗೂ ಜಿಡೊವುಡಿನ್ ಕೊಟ್ಟರೆ ಮಗುವಿಗೆ ಸೋಂಕು ದಾಟುವುದು ಮೂರರಲ್ಲಿ ಎರಡು ಪಾಲು ತಗ್ಗುತ್ತದೆ ಎಂದು ತಿಳಿದುಬಂದಿತ್ತು. ಸೋಂಕು ಬೇರೂರುವ ಮೊದಲೇ ತಡೆಯಬಹುದು ಎಂಬ ನಂಬಿಕೆಗೆ ಅದು ದೊಡ್ಡ ಬಲ ಕೊಟ್ಟಿತು.

72 ಮತ್ತು 28 ಬಂದದ್ದು ಮುಖ್ಯವಾಗಿ ಕೋತಿಗಳ ಮೇಲಿನ ಪ್ರಯೋಗಗಳಿಂದ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಚ್‌ಐವಿಯ ಸೋದರ ವೈರಸ್ಸನ್ನು ಮಕಾಕ್ ಕೋತಿಗಳ ರಕ್ತನಾಳಕ್ಕೆ ಚುಚ್ಚಿ, ಆಮೇಲೆ ಟೆನೊಫೊವಿರ್ ಎಂಬ ಔಷಧಿ ಕೊಟ್ಟರು. 24 ಗಂಟೆಯಲ್ಲಿ ಶುರು ಮಾಡಿ 28 ದಿನ ಕೊಟ್ಟ ಕೋತಿಗಳೆಲ್ಲ ಸೋಂಕಿನಿಂದ ಪಾರಾದವು. ಶುರು ಮಾಡುವುದನ್ನು 48 ಅಥವಾ 72 ಗಂಟೆಗೆ ತಳ್ಳಿದಾಗ ಕೆಲವಕ್ಕೆ ಸೋಂಕು ತಗುಲಿತು. ಬೇಗ ಶುರು ಮಾಡಿಯೂ 10 ದಿನಕ್ಕೆ, 3 ದಿನಕ್ಕೆ ನಿಲ್ಲಿಸಿದಾಗಲೂ ರಕ್ಷಣೆ ಕುಂದಿತು. ಎರಡು ವರ್ಷದ ನಂತರ ಯೋನಿಯ ಮೂಲಕ ವೈರಸ್ ತಗುಲಿಸಿದ ಮತ್ತೊಂದು ಪ್ರಯೋಗದಲ್ಲಿ, 12 ಮತ್ತು 36 ಗಂಟೆಯಲ್ಲಿ ಔಷಧಿ ಸಿಕ್ಕ ಕೋತಿಗಳು ಪಾರಾದವು, 72 ಗಂಟೆಯ ಗುಂಪಿನಲ್ಲಿ ಒಂದಕ್ಕೆ ಸೋಂಕು ಕಾಣಿಸಿತು. ಅಂದರೆ 72ನೇ ಗಂಟೆಯವರೆಗೂ ಒಂದೇ ಸಮನಾದ ರಕ್ಷಣೆ ಇರುತ್ತದೆ ಎಂದು ಯಾವ ಪ್ರಯೋಗವೂ ಹೇಳಿಲ್ಲ. ಗಂಟೆ ಕಳೆದಂತೆ ಅದು ಸವೆಯುತ್ತಾ ಹೋಗುತ್ತದೆ.

ಯಾಕೆ ಸವೆಯುತ್ತದೆ? ಚರ್ಮದಲ್ಲೋ ಲೋಳೆಪೊರೆಯಲ್ಲೋ ನುಗ್ಗಿದ ವೈರಸ್ ಮೊದಲು ಅಲ್ಲೇ ಇರುವ ಕೆಲವೇ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಆ ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಹೆಚ್ಚಿಕೊಂಡು ರಕ್ತಕ್ಕೆ ಇಳಿಯುವಷ್ಟರಲ್ಲಿ, ವೈರಸ್ಸಿನ ವಂಶವಾಹಿ ನಮ್ಮದೇ ಕೋಶಗಳ ವಂಶವಾಹಿಯೊಳಗೆ ಹೊಲಿದುಕೊಂಡುಬಿಡುತ್ತದೆ. ಈಗಿನ ಪೆಪ್ ಮಾತ್ರೆಯಲ್ಲಿ ಮೂರು ಔಷಧಿಗಳಿವೆ: ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ವೈರಸ್ಸು ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುವುದನ್ನು ತಡೆದರೆ, ಡೊಲುಟೆಗ್ರಾವಿರ್ ಆ ಡಿಎನ್‌ಎ ನಮ್ಮ ವಂಶವಾಹಿಗೆ ಸೇರುವುದನ್ನು ತಡೆಯುತ್ತದೆ. ಸೇರಿಹೋದದ್ದನ್ನು ಕಿತ್ತು ತೆಗೆಯುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಕಾಫಿಗೆ ಹೂಮಳೆ ಬೀಳಬೇಕಾದ ವಾರದಲ್ಲಿ ಬೀಳದಿದ್ದರೆ ಆಮೇಲೆ ಎಷ್ಟು ಸುರಿದರೂ ಆ ವರ್ಷದ ಫಸಲು ಕೈಗೆ ಬಾರದು, ಹಾಗೆಯೇ ಇದೂ.

ಔಷಧಿಗಳ ಕತೆ ನಿಧಾನವಾಗಿ ಒಳ್ಳೆಯ ಕಡೆಗೆ ಸಾಗಿದೆ. ಮೊದಲು ಜಿಡೊವುಡಿನ್ ಒಂದೇ, ಆಮೇಲೆ ಲ್ಯಾಮಿವುಡಿನ್ ಜೊತೆಗೂಡಿತು, ಅಪಾಯ ಹೆಚ್ಚಿದ್ದರೆ ಇಂಡಿನಾವಿರ್. ಮೂತ್ರದಲ್ಲಿ ಕಲ್ಲು ಕಟ್ಟುತ್ತದೆಂದು ಇಂಡಿನಾವಿರ್ ನುಂಗುವವರು ದಿನವಿಡೀ ನೀರು ಕುಡಿಯಬೇಕಿತ್ತು. ನೆವಿರಪಿನ್ ಕೊಟ್ಟು ನೋಡಿದಾಗ ಅನಾಹುತವೇ ಆಯಿತು. ಸೋಂಕೇ ಇಲ್ಲದ ಆರೋಗ್ಯವಂತರಿಗೆ ಯಕೃತ್ತು ಕೆಟ್ಟ ಪ್ರಕರಣಗಳು 2001ರಲ್ಲಿ ವರದಿಯಾದವು, ಒಬ್ಬರಿಗೆ ಯಕೃತ್ತಿನ ಕಸಿಯನ್ನೇ ಮಾಡಬೇಕಾಯಿತು. ಪೆಪ್‌ಗೆ ನೆವಿರಪಿನ್ ಬೇಡ ಎಂಬ ನಿಯಮ ಬಂದದ್ದು ಹೀಗೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, 28 ದಿನ ಪೂರ್ತಿ ಮಾಡಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಕಂಡಿತು. ಆ ವರ್ಷವೇ ಅದು ಮತ್ತೊಂದು ದೊಡ್ಡ ಹೆಜ್ಜೆ ಇಟ್ಟಿತು. ಆಸ್ಪತ್ರೆಯಲ್ಲಿ ಆದ ಸಂಪರ್ಕಕ್ಕೆ ಒಂದು ನಿಯಮ, ಹೊರಗೆ ಆದದ್ದಕ್ಕೆ ಇನ್ನೊಂದು ಎಂಬ ಭೇದವನ್ನು ತೆಗೆದುಹಾಕಿತು. ನರ್ಸ್ ಕೈಗೆ ಚುಚ್ಚಿದ ಸೂಜಿಗೂ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ನಡೆದ ದೌರ್ಜನ್ಯಕ್ಕೂ ವೈರಸ್ ಒಂದೇ ಎಂದಮೇಲೆ ಮಾತ್ರೆಯೂ ಒಂದೇ ಇರಬೇಕಾದದ್ದು ನ್ಯಾಯ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಬಂತು, 2004ರ ಏಪ್ರಿಲ್ 1ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಇರುವವರಿಗೆ ಕೊಡುವ ಔಷಧ ಚಿಕಿತ್ಸೆಯಾದ ಎಆರ್‌ಟಿ ಉಚಿತವಾಯಿತು. 2021ರ ನ್ಯಾಕೋ ಮಾರ್ಗಸೂಚಿಯಂತೆ ಈಗ ಪೆಪ್ ಎಂದರೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಎಚ್‌ಐವಿ ಇರುವವರು ದಿನಾ ನುಂಗುವುದೂ ಇದೇ ಮಾತ್ರೆಯಾದ್ದರಿಂದ ಎಆರ್‌ಟಿ ಕೇಂದ್ರದಲ್ಲಿ ಇದು ಇದ್ದೇ ಇರುತ್ತದೆ.

ಇನ್ನು, ಆಗಬಾರದ್ದು ಆದಾಗ ಏನು ಮಾಡಬೇಕು. ಸೂಜಿ ಚುಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಿ ರಕ್ತ ತೆಗೆಯುವುದು, ಬ್ಲೀಚಿಂಗ್, ಸ್ಪಿರಿಟ್, ಡೆಟಾಲ್ ಸುರಿಯುವುದು ಬೇಡ, ಅದರಿಂದ ಅಂಗಾಂಶಕ್ಕೆ ಇನ್ನಷ್ಟು ಗಾಯವಾಗುತ್ತದೆ. ಚುಚ್ಚಿದ ಬೆರಳನ್ನು ಬಾಯಿಗಿಡುವುದಂತೂ ಕೂಡದು. ರಕ್ತ ಕಣ್ಣಿಗೆ ಚಿಮ್ಮಿದರೆ ತಲೆ ಹಿಂದಕ್ಕೆ ಬಾಗಿಸಿ ಶುದ್ಧ ನೀರನ್ನೋ ಸಲೈನನ್ನೋ ಹೊಯ್ಯಿಸಿಕೊಳ್ಳಬೇಕು. ಬಾಯಿಗೆ ಸಿಡಿದರೆ ಉಗಿದು, ಬರೀ ನೀರಿನಲ್ಲಿ ಹಲವು ಸಲ ಮುಕ್ಕಳಿಸಬೇಕು. ಆಮೇಲೆ ನೇರವಾಗಿ ಕ್ಯಾಶುವಾಲ್ಟಿಗೆ. ಬೆವರು, ಕಣ್ಣೀರು, ಮೂತ್ರ, ಎಂಜಲು ತಗುಲಿದ್ದಕ್ಕೆ, ಅದರಲ್ಲಿ ರಕ್ತ ಕಾಣದಿದ್ದರೆ, ಪೆಪ್ ಬೇಕಿಲ್ಲ. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೂ ಬೇಕಿಲ್ಲ. ಸೊಳ್ಳೆಯಿಂದ ಎಚ್‌ಐವಿ ಹರಡುವುದೇ ಇಲ್ಲ.

ಹೆಚ್ಚು ಹೊತ್ತು ಹಾಳಾಗುವುದು ‘ಮೊದಲು ಟೆಸ್ಟ್ ರಿಪೋರ್ಟ್ ಬರಲಿ’ ಎಂದು ಕಾಯುವಲ್ಲಿ. ರಕ್ತ ಯಾರದೋ ಅವರ ಒಪ್ಪಿಗೆ ಪಡೆದು ಪರೀಕ್ಷೆ ಮಾಡಬಹುದು, ಆದರೆ ಮೊದಲ ಮಾತ್ರೆ ಅದಕ್ಕಾಗಿ ಕಾಯಬಾರದು. ಅವರಿಗೆ ಸೋಂಕಿಲ್ಲ ಎಂದು ಖಚಿತವಾದರೆ ಮಾತ್ರೆ ನಿಲ್ಲಿಸಿದರಾಯಿತು. ಚುಚ್ಚಿಸಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಬೇರೆ ಔಷಧಿ ಬೇಕಾಗುತ್ತದೆ. ಹೆಪಟೈಟಿಸ್ ಬಿ ಇದ್ದವರು 28ನೇ ದಿನ ಸುಮ್ಮನೆ ನಿಲ್ಲಿಸುವಂತಿಲ್ಲ, ಆ ಕಾಯಿಲೆ ಕೆರಳಬಹುದು. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಇವೆಲ್ಲ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಪೆಪ್ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಡಾಕ್ಟರಿಗೆ ಹೇಳಲೇಬೇಕು. ಮೊದಲ ವಾರ ವಾಕರಿಕೆ, ತಲೆನೋವು, ನಿದ್ದೆ ಕೆಡುವುದು ಇರಬಹುದು, ಅದಕ್ಕೆ ಹೆದರಿ ಬಿಡುವುದು ಬೇಡ.

ಕಾನೂನೂ ಪೆಪ್ ಬೇಕಾದವರ ಪರವಾಗಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸಿಬ್ಬಂದಿಗೆ ಮುನ್ನೆಚ್ಚರಿಕೆಯ ಸಾಮಗ್ರಿ, ತರಬೇತಿ, ಪೆಪ್ ಒದಗಿಸುವುದು ಆಸ್ಪತ್ರೆಯ ಕರ್ತವ್ಯ, ಅದು ಖಾಸಗಿಯಾಗಿದ್ದರೂ ಸರಿ. ಸೂಜಿ ಚುಚ್ಚುವುದು ನರ್ಸ್‌ಗಳಿಗೆ ಮಾತ್ರವಲ್ಲ, ಕಸದ ಚೀಲ ಎತ್ತುವ ಗ್ರೂಪ್ ಡಿ ನೌಕರರಿಗೂ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ, ಸೂಜಿಯನ್ನು ಬಿಳಿ ಡಬ್ಬಿಗೆ ಹಾಕದೆ ಚೀಲಕ್ಕೆ ಎಸೆಯುವುದು, ಇವೆರಡನ್ನು ನಿಲ್ಲಿಸಿದರೆ ಎಷ್ಟೋ ಗಾಯ ತಪ್ಪುತ್ತದೆ. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. 2013ರಲ್ಲಿ ಬಂದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್‌ನಲ್ಲಿದೆ. ಎಫ್‌ಐಆರ್ ಆಗುವವರೆಗೆ ಮಾತ್ರೆ ತಡೆಹಿಡಿಯುವುದು ತಪ್ಪು. ತುರ್ತು ಗರ್ಭನಿರೋಧಕವನ್ನೂ ಹೆಪಟೈಟಿಸ್ ಬಿ ಲಸಿಕೆಯನ್ನೂ ಆಗಲೇ ಕೇಳಿ ಪಡೆಯಬೇಕು.

ಇಷ್ಟೆಲ್ಲ ಇದ್ದರೂ ಕೊಡಗಿನಲ್ಲಿ ಉಳಿಯುವ ಪ್ರಶ್ನೆ ದೂರದ್ದು ಮತ್ತು ಗುಟ್ಟಿನದು. ಎಆರ್‌ಟಿ, ತಜ್ಞರು, ಎಲ್ಲ ಬಗೆಯ ಪರೀಕ್ಷೆ ಮಡಿಕೇರಿಯ ಬೋಧಕ ಆಸ್ಪತ್ರೆಯ ಕಡೆಗೇ ಸೇರಿಕೊಂಡಿವೆ. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದೋ ಬರೆ ಕುಸಿದೋ ರಸ್ತೆ ಕಟ್ಟಿದರೆ ಮಡಿಕೇರಿ ಮತ್ತೂ ದೂರ. 2018ರ ಆಗಸ್ಟ್‌ನಲ್ಲಿ ಮಂಗಳೂರು ರಸ್ತೆಯೇ ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಜೊತೆಗೆ, ಊರಿನ ಆಸ್ಪತ್ರೆಗೆ ಹೋದರೆ ಕಂಪೌಂಡರೂ ಪರಿಚಯ, ಆಟೋದವರೂ ಪರಿಚಯ. ಈ ಸಂಕೋಚಕ್ಕೇ ಜನ ಹುಣಸೂರು, ಮೈಸೂರು ಎಂದು ಹೊರಟು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಒಪ್ಪಿಗೆಯಿಲ್ಲದೆ ಯಾರದೇ ಎಚ್‌ಐವಿ ಮಾಹಿತಿ ಹೊರಗೆಡಹುವುದು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಡಿ ನಿಷಿದ್ಧ. ಇದನ್ನು ಆಸ್ಪತ್ರೆಯವರು ಬಾಯಿಬಿಟ್ಟು ಹೇಳಬೇಕು, ಪಾಲಿಸಿ ತೋರಿಸಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹೆಸರು ಹೇಳದೆಯೇ ಕೇಳಬಹುದು.

ದೂರಕ್ಕೆ ಪರಿಹಾರ ದುಬಾರಿಯದೇನಲ್ಲ. 28 ದಿನದ ಮಾತ್ರೆ ಮಡಿಕೇರಿಯಲ್ಲೇ ಸಿಗಲಿ, ಮೊದಲ ಮಾತ್ರೆ ಮಾತ್ರ ಸೂಜಿ ಬಳಸುವ ಪ್ರತಿ ಜಾಗದಲ್ಲೂ ಇರಲಿ. ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ, ನಾಪೋಕ್ಲು, ಭಾಗಮಂಡಲ, ಶನಿವಾರಸಂತೆ, ಕುಟ್ಟದ ಕಡೆಯ ಆರೋಗ್ಯ ಕೇಂದ್ರಗಳಲ್ಲಿ, ತೋಟದ ದವಾಖಾನೆಗಳಲ್ಲಿ ಒಂದೊಂದು ಡಬ್ಬಿ ಸಾಕು. ಮುಂಗಾರಿಗೆ ಮೊದಲು ಮೇ ತಿಂಗಳಲ್ಲೇ ಡಬ್ಬಿಯ ಅವಧಿ ದಿನಾಂಕ ನೋಡಿ, ಮುಗಿಯುತ್ತಾ ಬಂದಿದ್ದರೆ ಎಆರ್‌ಟಿ ಕೇಂದ್ರಕ್ಕೆ ಕೊಟ್ಟು ಹೊಸದು ತರಬೇಕು. ಅಲ್ಲಿ ಅದು ದಿನಾ ಖರ್ಚಾಗುವ ಮಾತ್ರೆ, ಹಾಳಾಗುವುದಿಲ್ಲ. ಡಬ್ಬಿ ಫಾರ್ಮಸಿಸ್ಟ್ ಬೀಗ ಹಾಕಿಕೊಂಡು ಹೋಗುವ ಕಪಾಟಿನಲ್ಲಿರಬಾರದು, ರಾತ್ರಿ ಪಾಳಿಯ ಸ್ಟಾಫ್ ನರ್ಸ್ ಕೈಗೆ ಸಿಗುವಲ್ಲಿರಬೇಕು. ಮೊದಲ ಮಾತ್ರೆ ಕೊಟ್ಟ ಗಂಟೆ, ನಿಮಿಷ ಬರೆದ ಚೀಟಿಯೊಂದಿಗೆ ಮರುದಿನ ಮಡಿಕೇರಿಗೆ ಕಳಿಸಿದರೆ ಮುಂದಿನದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ. ಮಾತ್ರೆ ಮುಗಿದ ಮೇಲೂ ಮೂರನೇ ತಿಂಗಳು ಮತ್ತು ಆರನೇ ತಿಂಗಳು ಎಚ್‌ಐವಿ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು.