ಗುಂಪು ಬಿಡುವುದು ಮಗನೋ ಮಗಳೋ? ಸಸ್ತನಿಗಳ ಡಿಸ್ಪರ್ಸಲ್ ಬಗ್ಗೆ ಟಿಪ್ಪಣಿ

ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುವವರಿಗೆ ಒಂದು ಅನುಕೂಲ ಇದೆ. ಈ ಪಾಠದ ಅರ್ಧ ಭಾಗ ತಾರಸಿ ಮೇಲೇ ಸಿಗುತ್ತದೆ. ಹೋದ ವಾರ ನಮ್ಮ ಹಾಸ್ಟೆಲ್ ನೀರಿನ ಟ್ಯಾಂಕ್ ಹತ್ತಿರ ಅರ್ಧ ಗಂಟೆ ನಿಂತು ಮಂಗಗಳನ್ನು ನೋಡಿದೆ. ವಯಸ್ಸಾದ ಒಂದು ಹೆಣ್ಣು ಕಣ್ಣು ಮುಚ್ಚಿ ಎಳೆಬಿಸಿಲಿಗೆ ಮೈಚಾಚಿತ್ತು. ಇನ್ನೊಂದು ಹೆಣ್ಣು ಅದರ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕುತ್ತಿತ್ತು. ಎರಡರ ಮಧ್ಯೆ ಒಂದು ಮರಿ. ಇವುಗಳಿಂದ ದೂರ, ಪೈಪಿನ ತುದಿಯಲ್ಲಿ, ಹರೆಯದ ಗಂಡೊಂದು ಒಂಟಿಯಾಗಿ ಕೂತಿತ್ತು.

ಮೊದಲು ಪದಗಳು. ಹುಟ್ಟಿದ ಗುಂಪು ಬಿಟ್ಟು ಬೇರೆ ಕಡೆ ಹೋಗಿ ಸಂತಾನ ಪಡೆಯುವುದು ಡಿಸ್ಪರ್ಸಲ್. ಹುಟ್ಟಿದಲ್ಲೇ ಉಳಿಯುವುದು ಫಿಲೋಪ್ಯಾಟ್ರಿ. ಇದನ್ನು ನಾನು 'ತವರಲ್ಲೇ ಉಳಿಯೋದು' ಅಂತ ಬರೆದುಕೊಂಡಿದ್ದೇನೆ. ಅದು ನೆನಪಿಗೆ ಮಾತ್ರ, ಉತ್ತರಪತ್ರಿಕೆಯಲ್ಲಿ ಬೇಡ.

1980ರಲ್ಲಿ ಗ್ರೀನ್‌ವುಡ್ ಎಂಬ ವಿಜ್ಞಾನಿ ಹಕ್ಕಿಗಳನ್ನೂ ಸಸ್ತನಿಗಳನ್ನೂ ಹೋಲಿಸಿ ನೋಡಿದರು. ಹಕ್ಕಿಗಳಲ್ಲಿ ದೂರ ಹೋಗುವುದು ಹೆಚ್ಚಾಗಿ ಹೆಣ್ಣು, ಸಸ್ತನಿಗಳಲ್ಲಿ ಗಂಡು. ನಮ್ಮ ಮಂಗ, ಆನೆ, ಸಿಂಹ ಎಲ್ಲದರಲ್ಲೂ ಹೀಗೇ. ಬಸಿರು, ಬಾಣಂತನ, ಹಾಲೂಡಿಸುವುದು ಎಲ್ಲ ಹೆಣ್ಣಿನ ಪಾಲಿಗೆ. ಮೇವು ಎಲ್ಲಿದೆ ಅಂತ ಗೊತ್ತಿರುವ ಜಾಗದಲ್ಲಿ, ಅಮ್ಮ ಅಕ್ಕತಂಗಿಯರ ಜೊತೆ ಇದ್ದರೆ ಅದಕ್ಕೆ ಲಾಭ ಜಾಸ್ತಿ.

ಹಾಗಾದರೆ ಚಿಂಪಾಂಜಿಯಲ್ಲಿ ಗುಂಪು ಬಿಡುವುದು ಹೆಣ್ಣು ಯಾಕೆ? ಇಲ್ಲಿ ನಾವೆಲ್ಲ ಸುಮ್ನೆ ಪಟ್ಟಿ ಬಾಯಿಪಾಠ ಮಾಡುತ್ತೇವೆ. ಪಟ್ಟಿ ಪಕ್ಕಕ್ಕಿಡಿ, ಒಂದೇ ಪ್ರಶ್ನೆ ಕೇಳಿ: ಮಗಳು ಪ್ರಾಯಕ್ಕೆ ಬರುವ ಹೊತ್ತಿಗೆ ಅಪ್ಪ ಇನ್ನೂ ಗುಂಪಿನಲ್ಲಿ ಇರುತ್ತಾನಾ? 1989ರಲ್ಲಿ ಕ್ಲಟನ್-ಬ್ರಾಕ್ ಮುಂದಿಟ್ಟ ವಿಚಾರ ಇದು. ಅಪ್ಪ ಇದ್ದರೆ ಹತ್ತಿರದ ರಕ್ತಸಂಬಂಧದಲ್ಲೇ ಕೂಡುವ ಅಪಾಯ, ಆದ್ದರಿಂದ ಮಗಳು ಹೊರಡುತ್ತಾಳೆ. ಅಪ್ಪ ಆಗಲೇ ಹೋಗಿದ್ದರೆ ಮಗಳಿಗೆ ಹೊರಡುವ ಅಗತ್ಯವೇ ಇಲ್ಲ. ಚಿಂಪಾಂಜಿ ಗಂಡುಗಳು ಹುಟ್ಟಿದ ಗುಂಪಿನಲ್ಲೇ ಜೀವನ ಕಳೆಯುತ್ತವೆ. ಲೆಕ್ಕ ಸರಿಹೋಯಿತು ಅಲ್ವಾ?

ಈಗ ಮುಸುವ. ಇದನ್ನು ಚೆನ್ನಾಗಿ ಓದಿಕೊಳ್ಳಿ, ಯಾಕೆಂದರೆ ಇದು ನಮ್ಮ ಧಾರವಾಡದ ಕಥೆ. 1960ರ ದಶಕದ ಆರಂಭದಲ್ಲಿ ಜಪಾನಿನ ಸುಗಿಯಾಮ ಧಾರವಾಡದ ಸುತ್ತಮುತ್ತ ಮುಸುವಗಳ ಹಿಂದೆ ಓಡಾಡಿದರು. ಅಲ್ಲಿನ ಬಹಳಷ್ಟು ಗುಂಪುಗಳಲ್ಲಿ ಹೆಣ್ಣುಗಳು ಹಲವು, ಬೆಳೆದ ಗಂಡು ಒಂದೇ. ಗುಂಪು ಸಿಗದ ಗಂಡುಗಳು ತಮ್ಮದೇ ದಂಡು ಕಟ್ಟಿಕೊಂಡು ತಿರುಗುತ್ತವೆ, ಸಮಯ ನೋಡಿ ಮೇಲೆ ಬೀಳುತ್ತವೆ. ಹಳೆಯ ಗಂಡು ಸೋತರೆ ಹೊಸದು ಒಳಗೆ ಬರುತ್ತದೆ. ಬಂದಮೇಲೆ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಸಾಯಿಸಿದ್ದನ್ನು ಸುಗಿಯಾಮ ದಾಖಲಿಸಿದರು.

ಕಾಡು ನಾಶವಾಗಿ ದಟ್ಟಣೆ ಹೆಚ್ಚಿದ್ದರಿಂದ ಬಂದ ವಿಕೃತಿ ಇದು ಎಂದು ಕೆಲವರು ವಾದಿಸಿದರು. 1970ರ ದಶಕದಲ್ಲಿ ಮೌಂಟ್ ಅಬುವಿನಲ್ಲಿ ಕೆಲಸ ಮಾಡಿದ ಸಾರಾ ಹರ್ಡಿ ಒಪ್ಪಲಿಲ್ಲ. ಹಾಲೂಡಿಸುವ ತಾಯಿಗೆ ಬೆದೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತದೆ. ಹೊಸ ಗಂಡಿಗೆ ಸಿಗುವ ಅವಧಿ ಎರಡು ಮೂರು ವರ್ಷದಷ್ಟೇ, ಕಾಯಲು ಪುರುಸೊತ್ತಿಲ್ಲ. ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಆದರೆ ವಾದ ಗಟ್ಟಿ. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯಲ್ಲಿ, ದಾಳಿ ಮಾಡಿದ ಗಂಡುಗಳು ಆ ಮರಿಗಳ ಅಪ್ಪಂದಿರಲ್ಲ ಎಂದು ಗೊತ್ತಾಯಿತು. ನಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಅಪ್ಪನ ಅವಧಿ ಇಷ್ಟು ಚಿಕ್ಕದಾದ್ದರಿಂದ ಮಗಳು ಪ್ರಾಯಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಅವನು ಇರುವುದಿಲ್ಲ. ಮಗಳು ತವರಲ್ಲೇ ಉಳಿಯುತ್ತಾಳೆ. ಸಿಂಹದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಯಾರು ಉಳಿಯುತ್ತಾರೋ ಅವರ ನಡುವೆ ಸಾಮಾನ್ಯವಾಗಿ ನಂಟು ಗಟ್ಟಿ. ಮಂಗಗಳಲ್ಲಿ ತಾಯಿಯ ಸ್ಥಾನಮಾನದ ಹತ್ತಿರವೇ ಮಗಳದ್ದೂ ಬರುತ್ತದೆ. ಚಿಂಪಾಂಜಿ ಗಂಡುಗಳು ಒಟ್ಟಾಗಿ ಗಡಿ ಕಾಯುತ್ತವೆ. ಚಿಂಪಾಂಜಿಯ ಹತ್ತಿರದ ನೆಂಟ ವಾನರ ಬೊನೊಬೊ ಬಗ್ಗೆ ಮಾತ್ರ ಎಚ್ಚರಿಕೆಯಿಂದ ಬರೆಯಿರಿ. ಅಲ್ಲಿಯೂ ಗುಂಪು ಬಿಡುವುದು ಹೆಣ್ಣೇ, ಆದರೂ ರಕ್ತಸಂಬಂಧ ಇಲ್ಲದ ಹೆಣ್ಣುಗಳು ಒಗ್ಗಟ್ಟಾಗಿ ಗಂಡುಗಳನ್ನು ಹದ್ದುಬಸ್ತಿನಲ್ಲಿ ಇಡುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಚುಕ್ಕೆ ಕತ್ತೆಕಿರುಬ. ಅಲ್ಲಿ ಹೆಣ್ಣಿನದೇ ದರ್ಬಾರು, ಗುಂಪು ಬಿಡುವುದು ಹೆಚ್ಚಾಗಿ ಗಂಡು. ಟಾಂಜಾನಿಯಾದ ಎನ್‌ಗೊರೊಂಗೊರೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಒಂದು ಸರಳ ನಿಯಮ ತೋರಿಸಿತು: ಎಳೆಯ ಹೆಣ್ಣುಗಳು ತಾವು ಹುಟ್ಟಿದ ಮೇಲೆ ಗುಂಪಿಗೆ ಸೇರಿದ ಅಥವಾ ಹುಟ್ಟಿದ ಗಂಡನ್ನೇ ಆರಿಸಿಕೊಳ್ಳುತ್ತವೆ. ಅಪ್ಪ ಯಾರು ಅಂತ ಗೊತ್ತಿರಬೇಕಾಗಿಲ್ಲ, ಹಾಗೆ ಆರಿಸಿದರೆ ಅಪ್ಪ ತಾನಾಗಿಯೇ ಪಟ್ಟಿಯಿಂದ ಹೊರಗೆ. ಇಂಥ ಎಳೆಯ ಹೆಣ್ಣುಗಳು ಜಾಸ್ತಿ ಇರುವ ಗುಂಪು ಹುಡುಕಿಕೊಂಡು ಗಂಡು ಹೊರಡುತ್ತದೆ.