ಹೆಲೆನಿಸ್ಮೊಸ್: ವ್ಯಾಕರಣದಿಂದ ಮತಕ್ಕೆ ನಡೆದು ಬಂದ ಪದ

ಇತಿಹಾಸದ ಪಾಠದಲ್ಲಿ ‘ಹೆಲೆನಿಸ್ಟಿಕ್ ಯುಗ’ ಎಂದು ಓದಿದವರಿಗೆ ಈ ಪದದ ಅರ್ಧ ಪರಿಚಯ ಇದ್ದೇ ಇರುತ್ತದೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲಿನ ಸುಮಾರು ಮೂರು ಶತಮಾನಗಳಿಗೆ ಆ ಹೆಸರು. ಆ ಅರ್ಥ ಕೊಟ್ಟವನು 19ನೇ ಶತಮಾನದ ಜರ್ಮನ್ ಇತಿಹಾಸಕಾರ ಡ್ರಾಯ್ಸನ್. ನಾನು ಹೇಳಹೊರಟಿರುವುದು ಇನ್ನೊಂದು ಅರ್ಥದ ಬಗ್ಗೆ. ಜ್ಯೂಸ್, ಅಥೀನಾ, ಅಪೊಲೊ ಮೊದಲಾದ ಗ್ರೀಕ್ ದೇವತೆಗಳ ಪೂಜೆಯನ್ನೂ ಪ್ಲೇಟೊ, ಸ್ಟೋಯಿಕರಂಥ ಗ್ರೀಕ್ ಚಿಂತಕರ ತತ್ವವನ್ನೂ ಒಟ್ಟಿಗೆ ಕಟ್ಟಿಕೊಂಡು ಇಂದಿಗೂ ಕೆಲವರು ನಡೆಸುತ್ತಿರುವ ಮತಕ್ಕೆ ಹೆಲೆನಿಸ್ಮೊಸ್ ಎನ್ನುತ್ತಾರೆ.

ಪದದ ಹುಟ್ಟಿಗೂ ದೇವರಿಗೂ ನಂಟಿಲ್ಲ. ‘ಹೆಲೆನಿಜೈನ್’ ಎಂದರೆ ಗ್ರೀಕ್ ಮಾತಾಡುವುದು, ಅದೂ ತಪ್ಪಿಲ್ಲದೆ. ಸ್ಟೋಯಿಕರು ಒಳ್ಳೆಯ ಮಾತಿನ ಗುಣಗಳನ್ನು ಎಣಿಸುವಾಗ ಮೊದಲ ಬೆರಳು ಮಡಚಿದ್ದು ಹೆಲೆನಿಸ್ಮೊಸ್‌ಗೆ, ಅಂದರೆ ಶುದ್ಧ ಭಾಷೆಗೆ. ಯೆಹೂದಿಗಳ ಎರಡನೇ ಮಕ್ಕಬಿ ಗ್ರಂಥದಲ್ಲಿ ಅದೇ ಪದ ಬೈಗುಳದ ಧಾಟಿಗೆ ತಿರುಗುತ್ತದೆ: ಜೆರುಸಲೇಮಿನ ಹುಡುಗರು ಗ್ರೀಕ್ ಟೋಪಿ ತೊಟ್ಟು ವ್ಯಾಯಾಮಶಾಲೆಗೆ ಹೊರಟುಬಿಟ್ಟರು ಎಂಬ ದೂರು. ರೋಮ್ ಸಾಮ್ರಾಜ್ಯ ಕ್ರೈಸ್ತವಾದಂತೆ ಗ್ರೀಕ ಎಂಬರ್ಥದ ‘ಹೆಲೀನ್’ ಎಂದರೆ ಹಳೆಯ ದೇವರುಗಳ ಪೂಜಕ ಎಂದಾಯಿತು. ಮನೆಮಾತು ಗ್ರೀಕ್ ಆಗಿದ್ದ ಕ್ರೈಸ್ತರು ಆ ಹೆಸರಿನಿಂದ ಕೈತೊಳೆದುಕೊಂಡು, ಮುಂದಿನ ಸಾವಿರ ವರ್ಷ ತಮ್ಮನ್ನು ರೋಮನರೆಂದೇ ಕರೆದುಕೊಂಡರು.

ಪದವನ್ನು ಮತದ ಹೆಸರಾಗಿ ಎತ್ತಿ ಹಿಡಿದವನು ರೋಮನ್ ಚಕ್ರವರ್ತಿ ಜೂಲಿಯನ್. ಆಳಿದ್ದು ಕ್ರಿ.ಶ. 361ರಿಂದ 363ರವರೆಗೆ, ಎರಡು ವರ್ಷವೂ ತುಂಬಲಿಲ್ಲ. ಕ್ರೈಸ್ತನಾಗಿ ಬೆಳೆದು, ಗುಟ್ಟಾಗಿ ಹಳೆಯ ದೇವರುಗಳ ಕಡೆ ಹೊರಳಿ, ಸಿಂಹಾಸನ ಸಿಕ್ಕ ಮೇಲೆ ಬಹಿರಂಗವಾದವನು. ಹಳೆಯ ಗ್ರೀಕ್ ಕವಿಗಳಾದ ಹೋಮರ್, ಹೆಸಿಯಡ್‌ರ ದೇವರುಗಳನ್ನು ನಂಬದವರು ಅವರ ಕಾವ್ಯವನ್ನು ಪಾಠ ಮಾಡುವಂತಿಲ್ಲ ಎಂದು 362ರಲ್ಲಿ ಆಜ್ಞೆ ಹೊರಡಿಸಿದ. ಇದಕ್ಕೆ ಕ್ರೈಸ್ತ ಧರ್ಮಗುರು ನಾಜಿಯಾಂಜಸ್‌ನ ಗ್ರೆಗರಿ ಕೊಟ್ಟ ಉತ್ತರ ಪದದ ಅರ್ಥದ ಜಗಳವೇ ಸರಿ: ಹೆಲೆನಿಜೈನ್ ಎಂಬುದು ಭಾಷೆಯೋ, ಪೂಜೆಯೋ? ಭಾಷೆಯಾದರೆ ಅದು ನಿನ್ನೊಬ್ಬನ ಸೊತ್ತು ಹೇಗಾದೀತು? ಗ್ರೆಗರಿ ಜೂಲಿಯನ್ನನ ಕಡುವೈರಿ. ಆದರೂ ಈ ಒಂದು ಪ್ರಶ್ನೆಯಲ್ಲಿ ಗ್ರೆಗರಿಯ ಪಟ್ಟೇ ಗಟ್ಟಿ ಅನ್ನಿಸುತ್ತದೆ ನನಗೆ.

ಗಲಾಟಿಯಾ (ಇಂದಿನ ಟರ್ಕಿಯ ನಡುಭಾಗ) ಪ್ರಾಂತದ ಮುಖ್ಯ ಅರ್ಚಕನಿಗೆ ಬರೆದದ್ದೆಂದು ಜೂಲಿಯನ್ನನ ಹೆಸರಿನಲ್ಲಿ ಒಂದು ಪತ್ರ ಉಳಿದಿದೆ. ಹೆಲೆನಿಸ್ಮೊಸ್ ಇನ್ನೂ ನಾವೆಣಿಸಿದಂತೆ ಏಳಿಗೆಯಾಗುತ್ತಿಲ್ಲ, ತಪ್ಪು ಅದನ್ನು ಪಾಲಿಸುವ ನಮ್ಮದೇ ಎಂದು ಅದು ಶುರುವಾಗುತ್ತದೆ. ಪರಿಹಾರವಾಗಿ ಊರೂರಿಗೆ ಛತ್ರ ಕಟ್ಟಿಸಿ, ಅರ್ಚಕರು ನಾಟಕಶಾಲೆ, ಹೆಂಡದಂಗಡಿಗಳ ಕಡೆ ಸುಳಿಯದಿರಲಿ, ವರ್ಷಕ್ಕೆ 30,000 ಮೋದಿಯಸ್ (ರೋಮನರ ಧಾನ್ಯದ ಅಳತೆ) ಧಾನ್ಯ ಕೊಡುತ್ತೇನೆ, ಐದನೇ ಒಂದು ಪಾಲು ಅರ್ಚಕರ ಸೇವೆಯಲ್ಲಿರುವ ಬಡವರಿಗೆ, ಉಳಿದದ್ದು ಪರಸ್ಥಳದವರಿಗೂ ಭಿಕ್ಷುಕರಿಗೂ ಹಂಚಿ ಎನ್ನುತ್ತದೆ. ಮಾದರಿ ಎಲ್ಲಿಯದು ಎಂದು ಕೇಳಬೇಕಿಲ್ಲ. ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಾಕುತ್ತಿದ್ದಾರಲ್ಲ ಎಂಬ ನಾಚಿಕೆ ಪತ್ರದಲ್ಲೇ ಇದೆ.

ಇಲ್ಲಿಯೇ ಪದದ ನಿಜವಾದ ತಿರುವು. ಅದಕ್ಕೂ ಏಳೆಂಟು ಶತಮಾನ ಹಿಂದಿನ ಅಥೆನ್ಸಿಗೆ ಹೋಗಿ ‘ನಿಮ್ಮ ಮತದ ಹೆಸರೇನು’ ಎಂದು ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಅಲ್ಲಿದ್ದದ್ದು ‘ತಾ ಪಾತ್ರಿಯ’, ಹಿರಿಯರಿಂದ ಬಂದದ್ದು. (ಪಾತ್ರಿಯದ ಬೇರು ನಮ್ಮಲ್ಲಿರುವ ‘ಪಿತೃ’ ಶಬ್ದದ ದಾಯಾದಿ.) ಹಬ್ಬ, ಬಲಿ, ಮೆರವಣಿಗೆಗಳನ್ನು ಊರು ನಡೆಸುತ್ತಿತ್ತು, ಏನು ನಂಬಬೇಕು ಎಂದು ಬರೆದಿಟ್ಟ ಗ್ರಂಥವಿರಲಿಲ್ಲ. ತತ್ವಜ್ಞಾನ ಬೇರೆಯೇ ಜಗಲಿಯ ಮಾತು, ಹಲವು ಸಲ ಎದುರು ಮಾತು. ಎತ್ತು, ಕುದುರೆಗಳಿಗೆ ಕೈಗಳಿದ್ದಿದ್ದರೆ ಅವೂ ತಮ್ಮಂಥದೇ ದೇವರನ್ನು ಬಿಡಿಸುತ್ತಿದ್ದವು ಎಂದು ತತ್ವಜ್ಞಾನಿ ಕ್ಸೆನೊಫನೀಸ್ ಹಾಸ್ಯ ಮಾಡಿದ್ದ. ಊರ ದೇವರುಗಳನ್ನು ಮನ್ನಿಸಲಿಲ್ಲ ಎಂಬುದು ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ವಿಷ ಕುಡಿಸಿದ ಆರೋಪಗಳಲ್ಲೊಂದು. ಹೀಗೆ ಬೇರೆಯಾಗಿದ್ದ ಆಚರಣೆಯನ್ನೂ ತತ್ವವನ್ನೂ ಹೊಲಿದು ಒಂದೇ ಬಟ್ಟೆ ಮಾಡಲು ಹೊರಟವನು ಜೂಲಿಯನ್. ಸೂಜಿ ಕೊಟ್ಟವರು ಪ್ಲೇಟೊನ ತತ್ವವನ್ನು ಹೊಸದಾಗಿ ಬೆಳೆಸಿದ ಇಯಾಂಬ್ಲಿಕಸ್‌ನಂಥ ನವ-ಪ್ಲೇಟೊವಾದಿಗಳು, ಅಳತೆ ಮಾತ್ರ ಚರ್ಚಿನದು. ಇಂದು ‘ಪ್ರಾಚೀನ ಮತದ ಪುನರುಜ್ಜೀವನ’ ಎನ್ನುವಾಗ ಎದ್ದು ಬರುವುದು ಕ್ರಿ.ಪೂ. 5ನೇ ಶತಮಾನದ ನಾಯಕ ಪೆರಿಕ್ಲೀಸನ ಅಥೆನ್ಸ್ ಎಂದು ನನಗನ್ನಿಸುವುದಿಲ್ಲ. ಜೂಲಿಯನ್ನನ ಅರೆಬರೆ ಹೊಲಿಗೆಯೇ ಮತ್ತೆ ಕೈಗೆ ಬಂದಿದೆ.

ನಡುವೆ 15ನೇ ಶತಮಾನದಲ್ಲಿ ಗ್ರೀಸಿನ ಮಿಸ್ತ್ರಾ ಎಂಬ ಊರಿನ ತತ್ವಜ್ಞಾನಿ ಪ್ಲೆಥಾನ್ ಒಬ್ಬನೇ ಈ ಮತವನ್ನು ಮತ್ತೆ ಬರೆಯಲು ಕೂತ. ಅವನು ಸತ್ತ ಮೇಲೆ ‘ನಿಯಮಗಳು’ ಎಂಬ ಅವನ ಪುಸ್ತಕವನ್ನು ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷ ಗೆನಾಡಿಯಸ್ ಸುಡಿಸಿದ, ಉಳಿದಿರುವುದು ತುಣುಕುಗಳು.

ಇಂದಿನ ಗ್ರೀಸಿನಲ್ಲಿ ಈ ಪದಕ್ಕೆ ಇನ್ನೊಂದು ತೊಡಕಿದೆ. ‘ಎಲಿನಿಸ್ಮೋಸ್’ ಎಂದರೆ ಅಲ್ಲಿ ದೇಶದೊಳಗೂ ಹೊರಗೂ ಇರುವ ಇಡೀ ಗ್ರೀಕ್ ಜನಸಮುದಾಯ, ಅವರಲ್ಲಿ ಬಹುತೇಕರು ಆರ್ಥೊಡಾಕ್ಸ್ ಕ್ರೈಸ್ತರು. ಹಾಗಾಗಿ ಅನುಯಾಯಿಗಳು ‘ಎಥ್ನಿಕಿ’ ಎಂಬ ವಿಶೇಷಣ ಸೇರಿಸಿಕೊಳ್ಳುತ್ತಾರೆ. ಜನಾಂಗದ್ದು ಎಂಬುದು ಅದರ ಅರ್ಥ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅದೇ ಮಾತು ಅನ್ಯಧರ್ಮೀಯರಿಗೆ ಸಲ್ಲುತ್ತಿತ್ತು. 1997ರಲ್ಲಿ ಹುಟ್ಟಿದ ‘ಎಥ್ನಿಕ್ ಹೆಲೀನರ ಪರಮ ಮಂಡಳಿ’ಗೆ 2017ರಲ್ಲಿ ಸರ್ಕಾರ ‘ಪರಿಚಿತ ಧರ್ಮ’ ಎಂಬ ಮಾನ್ಯತೆ ಕೊಟ್ಟಿತು. ಇದು ಸಂವಿಧಾನದ 13ನೇ ವಿಧಿಯ ಮಾತು: ಗುಟ್ಟಿನ ಬೋಧನೆಯಿಲ್ಲದ, ಯಾರು ಬೇಕಾದರೂ ಬರಬಹುದಾದ ಪೂಜೆಯಿರುವ ಧರ್ಮ ಎಂದರ್ಥ.

ಹೊರಗಿನವರು ಅಲ್ಲಿ ಇವರನ್ನು ‘ದೊದೆಕಾಥೀಸ್ಟ್’, ಹನ್ನೆರಡು ದೇವರವರು ಎಂದು ಛೇಡಿಸುವುದುಂಟು. ಒಲಿಂಪಸ್ ಬೆಟ್ಟದ ಹನ್ನೆರಡು ದೇವರ ಲೆಕ್ಕವಾದರೂ ಎಂದೂ ಖಚಿತವಾಗಿರಲಿಲ್ಲ. ಹನ್ನೆರಡನೆಯ ಜಾಗಕ್ಕೆ ಕೆಲವು ಪಟ್ಟಿಗಳಲ್ಲಿ ಒಲೆಯ ದೇವಿ ಹೆಸ್ತಿಯಾ, ಕೆಲವದರಲ್ಲಿ ದ್ರಾಕ್ಷಾರಸದ ದೇವರು ಡಯೊನೈಸಸ್. ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಪಟ್ಟಿಯಲ್ಲಿ ಕೂತವನು ಡಯೊನೈಸಸ್. ಪೂಜೆಯಲ್ಲಿ ಮೊದಲ ಪಾಲು ಮಾತ್ರ ಹಿಂದಿನಿಂದಲೂ ಹೆಸ್ತಿಯಾಳದೇ.